ವಿಜಯಪುರ ಒಂದೇ ದಿನದಲ್ಲಿ: ಗುಂಪು ಕರೆದೊಯ್ಯುವ ಹೊಸ ಗೈಡ್‌ಗಳಿಗೆ

ವಿಜಯಪುರದಲ್ಲಿ ಗೈಡ್ ಕೆಲಸಕ್ಕೆ ಹೊಸದಾಗಿ ಬರುವವರು ಇತಿಹಾಸ ಚೆನ್ನಾಗಿ ಓದಿಕೊಂಡು ಬಂದಿರುತ್ತಾರೆ. ಹಾಗಾಗಿ ಇಸವಿ ಹಿಡಿದು ಹೊರಡುತ್ತಾರೆ: ಮೊದಲು ಒಂದನೇ ಅಲಿ ಆದಿಲ್ ಶಾಹನ ಗಗನ ಮಹಲ್, ಜುಮ್ಮಾ ಮಸೀದಿ, ಆಮೇಲೆ ಇಬ್ರಾಹಿಂ ರೋಜಾ, ಕೊನೆಗೆ ಗೋಳಗುಮ್ಮಟ. ಹೇಳಲಿಕ್ಕೆ ಈ ಕ್ರಮ ಚೆಂದ, ನಡೆಸಲಿಕ್ಕೆ ಹೋದರೆ ದಿನವೇ ಕೆಡುತ್ತದೆ. ಇಲ್ಲಿ ದಾರಿ ಗೊತ್ತು ಮಾಡುವುದು ಗುಮ್ಮಟದ ಸದ್ದು ಮತ್ತು ಮಧ್ಯಾಹ್ನದ ಬಿಸಿಲು. ಅವೆರಡಕ್ಕೂ ಒಪ್ಪುವ ದಾರಿಯಲ್ಲಿ ಇತಿಹಾಸ ಹಿಂದುಮುಂದಾಗುತ್ತದೆ. ಅದನ್ನು ಸರಿಪಡಿಸಿ ಹೇಳುವುದು ಗೈಡ್‌ನ ಕೆಲಸ.

ಗೋಳಗುಮ್ಮಟ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. 6ಕ್ಕೇ ಗೇಟಿನಲ್ಲಿರಬೇಕು. ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸದ ಕಾಲ; 9 ಗಂಟೆ ದಾಟಿತೆಂದರೆ ಬಸ್ಸಿನ ಹಿಂದೆ ಬಸ್ಸು ಬರುತ್ತದೆ. ಗುಮ್ಮಟದ ಒಳಸುತ್ತಿನಲ್ಲಿರುವ ಪಿಸುಮಾತಿನ ಗ್ಯಾಲರಿಯಲ್ಲಿ ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಅಲ್ಲಿ ಪಿಸುಮಾತೂ ಇಲ್ಲ, ಪ್ರತಿಧ್ವನಿಯೂ ಇಲ್ಲ, ಬರೀ ಗದ್ದಲ. ಒಂದು ಕೂಗು ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಅವರು ಬಂದಿರುವುದೇ ಕೂಗಲಿಕ್ಕೆ. ನಾವೇ ಬೇಗ ಹೋಗಬೇಕು.

ಹತ್ತಿಸುವ ಮೊದಲು ಗುಮ್ಮಟದ ಕೆಳಗಿನ ಹಜಾರದಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ಏದುಸಿರು ಬಿಡುವವರಿಗೆ ಕಟ್ಟಡದ ಲೆಕ್ಕ ತಲೆಗೆ ಹೋಗುವುದಿಲ್ಲ, ಹೇಳಬೇಕಾದ್ದನ್ನೆಲ್ಲ ಕೆಳಗೇ ಹೇಳಿ ಮುಗಿಸಬೇಕು. ಸುಮಾರು 1,700 ಚದರ ಮೀಟರ್ ನೆಲ, ನಡುವೆ ಒಂದೂ ಕಂಬವಿಲ್ಲ, ಮೇಲೆ ಹೊರ ಅಳತೆಯಲ್ಲಿ 44 ಮೀಟರ್ ವ್ಯಾಸದ ಗುಮ್ಮಟ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಹೇಗೆ ಕೂತಿತು ಎಂಬುದನ್ನು ಬರೀ ಮಾತಿನಲ್ಲಿ ವಿವರಿಸಲು ಹೋಗಬೇಡಿ. ಒಂದು ಹಾಳೆಯಲ್ಲಿ ಚೌಕ ಬರೆದು, ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರವಾಗುತ್ತದೆ. ಅದರ ಒಳಗೆ ಎಂಟು ಬದಿಯ ಜಾಗ ಉಳಿಯುತ್ತದಲ್ಲ, ಅದು ಆಗಲೇ ವೃತ್ತಕ್ಕೆ ಹತ್ತಿರ ಬಂದಿದೆ. ಹಾಳೆ ತೋರಿಸಿ, ಕೂಡಲೇ ತಲೆ ಎತ್ತಿ ನೋಡಲು ಹೇಳಿ: ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಅದೇ ನಕ್ಷತ್ರವನ್ನು ಕಟ್ಟಿ ನಿಂತಿವೆ. ಹತ್ತನೇ ತರಗತಿಯ ಹುಡುಗಿಗೂ ಎಂಜಿನಿಯರಿಗೂ ಇದೇ ಹಾಳೆ ಸಾಕು. ಕಟ್ಟೆಯ ಮೇಲಿರುವವು ಮಾದರಿ ಗೋರಿಗಳು, ಮೊಹಮ್ಮದ್ ಆದಿಲ್ ಶಾಹನ ನಿಜವಾದ ಸಮಾಧಿ ಕೆಳಗಿನ ನೆಲಮಾಳಿಗೆಯಲ್ಲಿದೆ ಎಂಬುದನ್ನೂ ಇಲ್ಲೇ ಹೇಳಿಬಿಡಿ.

ಮೆಟ್ಟಿಲು ಮೂಲೆಯ ಮಿನಾರಿನೊಳಗೆ ಸುತ್ತಿಕೊಂಡು ಹೋಗುತ್ತವೆ. ನೂರಕ್ಕೂ ಹೆಚ್ಚು ಮೆಟ್ಟಿಲು, ಎತ್ತರ ಒಂದೇ ಸಮ ಇಲ್ಲ, ಅಗಲ ಕಡಿಮೆ. ಹತ್ತುವವರೂ ಇಳಿಯುವವರೂ ಎದುರಾದರೆ ಗೋಡೆಗೆ ಆತು ನಿಲ್ಲಬೇಕು. ನಲವತ್ತು ಜನರಿದ್ದರೆ ಇಪ್ಪತ್ತು ಇಪ್ಪತ್ತಾಗಿ ಒಡೆಯಿರಿ. ಮೊದಲ ತಂಡ ಪೂರ್ತಿ ಇಳಿದ ಮೇಲೆಯೇ ಎರಡನೆಯದು ಹತ್ತಲಿ. ಒಂದು ತಂಡಕ್ಕೆ ಐವತ್ತು ನಿಮಿಷ ಹಿಡಿದುಕೊಳ್ಳಿ. ಮೊಣಕಾಲು ನೋವಿನವರನ್ನು, ಎದೆಯ ತೊಂದರೆ ಇರುವವರನ್ನು ಮೆಟ್ಟಿಲ ಬುಡದಲ್ಲಿ ಎಲ್ಲರೆದುರು ಕೇಳಿದರೆ ನಾಚಿಕೆಪಟ್ಟು ಹತ್ತಿಬಿಡುತ್ತಾರೆ, ನಡುವೆ ಕೂರುತ್ತಾರೆ, ಹಿಂದಿನವರೆಲ್ಲ ಕತ್ತಲಲ್ಲಿ ಸಿಕ್ಕಿಕೊಳ್ಳುತ್ತಾರೆ. ಹಿಂದಿನ ರಾತ್ರಿಯೇ ಒಬ್ಬೊಬ್ಬರನ್ನೇ ಕೇಳಿಟ್ಟುಕೊಳ್ಳಿ. ಕೆಳಗೆ ಉಳಿದವರಿಗೂ ಮೇಲಿನ ದನಿ ಕೇಳುತ್ತದೆ, ಅವರು ಏನನ್ನೂ ಕಳೆದುಕೊಳ್ಳುವುದಿಲ್ಲ.

ಗ್ಯಾಲರಿಯಲ್ಲಿ ಮೊದಲು ಎಲ್ಲರನ್ನೂ ಕೂರಿಸಿ. ಇಬ್ಬರು ಮಾತ್ರ ಎದುರುಬದುರು ಹೋಗಲಿ. ಇಬ್ಬರ ನಡುವೆ ಸುಮಾರು 38 ಮೀಟರ್ ಇರುತ್ತದೆ. ಹೆಚ್ಚಿನವರು ಮಾಡುವ ತಪ್ಪು ನಡುವಿನ ಬಯಲಿಗೆ ಮುಖ ಮಾಡಿ ಮಾತಾಡುವುದು. ಗೋಡೆಗೆ ಮುಖ ಮಾಡಿ, ಬಾಯಿ ಗೋಡೆಯ ಹತ್ತಿರ ತಂದು, ಉಸಿರಿನಷ್ಟೇ ದನಿಯಲ್ಲಿ ಮಾತಾಡಬೇಕು. ಆ ಕಡೆಯವರು ಕಿವಿಯನ್ನು ಗೋಡೆಗೆ ಹಚ್ಚಬೇಕು. ದುಂಡು ಗೋಡೆಯ ಮೈಗೆ ಅಂಟಿಕೊಂಡೇ ಸದ್ದು ಸುತ್ತಿ ಬರುತ್ತದೆ, ಅದಕ್ಕೇ ಹೀಗೆ. ಪ್ರತಿಧ್ವನಿ ಏಳು ಸಲ ಕೇಳುತ್ತದೆ ಎಂದು ಮೊದಲೇ ಹೇಳಬೇಡಿ. ಒಂದು ಚಪ್ಪಾಳೆ ತಟ್ಟಿ, ಕಣ್ಣು ಮುಚ್ಚಿ ಎಣಿಸಲು ಹೇಳಿ. ಸಂಖ್ಯೆ ಕೇಳಿಸಿಕೊಂಡವನಿಗಿಂತ ತಾನೇ ಎಣಿಸಿದವನು ಹೆಚ್ಚು ಗಮನವಿಟ್ಟು ಕೇಳುತ್ತಾನೆ.

ಎಂಟೂವರೆಗೆ ನಾಷ್ಟಾ. ಎದುರಿನ ನಗಾರಖಾನೆಯಲ್ಲಿರುವ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ವಸ್ತುಸಂಗ್ರಹಾಲಯ ಅಷ್ಟು ಹೊತ್ತಿಗೆ ತೆರೆದಿರುವುದಿಲ್ಲ. ಶಾಸನ, ಚಿತ್ರಗಳಲ್ಲಿ ನಿಜವಾದ ಆಸಕ್ತಿ ಇರುವವರಿಗೆ ಮಾರನೇ ದಿನ ಬರಲು ಹೇಳುವುದೇ ಲೇಸು. ಅರ್ಧ ಗಂಟೆಯಲ್ಲಿ ಓಡಿಸಿ ತೋರಿಸಿದರೆ ಅದಕ್ಕೆ ಅನ್ಯಾಯ.

ಜುಮ್ಮಾ ಮಸೀದಿಗೆ 9.30ರ ಹೊತ್ತಿಗೆ ಹೋದರೆ ಅಂಗಳದ ಕಲ್ಲು ಇನ್ನೂ ಕಾದಿರುವುದಿಲ್ಲ. ಚಪ್ಪಲಿ ಬಿಡಬೇಕಾದ ಜಾಗಗಳಿಗೆ ದಪ್ಪ ಕಾಲುಚೀಲ ತರಲು ಮುಂಚೆಯೇ ಹೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿದು, ಹನ್ನೊಂದರ ಮೇಲೆ ಬರಿಗಾಲಿಗೆ ಕಲ್ಲು ಸುಡುತ್ತದೆ. ಚಿನ್ನದ ಬಣ್ಣದ ಮಿಹ್ರಾಬನ್ನು (ನಮಾಜಿನ ದಿಕ್ಕು ತೋರಿಸುವ ಗೋಡೆಯ ಗೂಡು) ದೂರದಿಂದಲೇ ನೋಡಿ ಹೊರಟುಬಿಡುವವರೇ ಹೆಚ್ಚು. ನೆಲದ ಮೇಲೆ ಒಬ್ಬೊಬ್ಬರ ನಮಾಜಿಗೆ ಗುರುತು ಮಾಡಿರುವ ಚೌಕಟ್ಟುಗಳನ್ನೂ ತೋರಿಸಿ. ಹಳೆ ಊರಿನ ಒಳರಸ್ತೆಗಳು ಇಕ್ಕಟ್ಟು. ದೊಡ್ಡ ಬಸ್ಸನ್ನು ಮುಖ್ಯರಸ್ತೆಯಲ್ಲೇ ಬಿಟ್ಟು ನಡೆಯುವುದು ಒಳ್ಳೆಯದು. ಕಲ್ಲಿನ ಕೆತ್ತನೆಗಾಗಿ ಮೆಹತರ್ ಮಹಲಿನ ಬಾಗಿಲ ಮುಂದೆ ಹತ್ತು ನಿಮಿಷ. ಗಗನ ಮಹಲಿನಲ್ಲಿ ದೊಡ್ಡ ಕಮಾನಿನ ಎದುರು ನಿಂತು 1686ನ್ನು ಹೇಳಿ: ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನಿಗೆ ಶರಣಾದ ವರ್ಷ.

ಊಟದ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಖಾನಾವಳಿಯಲ್ಲಿ ಕಡಕ್ ರೊಟ್ಟಿ ಯಾವಾಗಲೂ ಇರುತ್ತದೆ, ಬಿಸಿ ರೊಟ್ಟಿ ಮಾತ್ರ ಬಡಿದು ಬೇಯಿಸಿದಷ್ಟೇ ಬೇಗ ಬರುತ್ತದೆ. ಹೇಳದೆ ಕೇಳದೆ ನಲವತ್ತು ಜನ ನುಗ್ಗಿದರೆ ಕೊನೆಯ ಸಾಲಿಗೆ ರೊಟ್ಟಿ ಬರುವಷ್ಟರಲ್ಲಿ ಎಣ್ಣೆಗಾಯಿ ಮುಗಿದಿರುತ್ತದೆ. ಹಿಂದಿನ ಸಂಜೆಯೇ ಫೋನ್ ಮಾಡಿ ತಲೆಲೆಕ್ಕ ಕೊಡಿ. ಹನ್ನೆರಡೂವರೆಯಿಂದ ಎರಡೂವರೆವರೆಗೆ ಬಿಸಿಲಿಗೆ ಯಾರನ್ನೂ ಹೊರಡಿಸಬೇಡಿ.

ಊಟವಾದ ಮೇಲೆ ಬಾರಾಕಮಾನ. ಎರಡನೇ ಅಲಿ ಆದಿಲ್ ಶಾಹನ ಗೋರಿ ಇದು, ಕಟ್ಟುವುದು ಅರ್ಧಕ್ಕೇ ನಿಂತಿತು, ಚಾವಣಿಯಿಲ್ಲ. ಇಲ್ಲಿ ಹೆಚ್ಚು ಹೊತ್ತು ಬೇಡ.

ಮೂರೂಕಾಲರ ಸುಮಾರಿಗೆ ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪು. ಬೆಳಿಗ್ಗೆಯಿಂದ ಕದಡಿದ ಇತಿಹಾಸವನ್ನು ಸಾಲಾಗಿ ಜೋಡಿಸಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ತೋಪನ್ನು 1549ರಲ್ಲಿ ಎರಕ ಹೊಯ್ದದ್ದು ಅಹಮದ್‌ನಗರದ ನಿಜಾಮಶಾಹಿಯಲ್ಲಿ. ಮುಂದೆ ಅದು ಆದಿಲಶಾಹಿಗಳ ಕೈಸೇರಿತು. 1686ರ ಗೆಲುವಿನ ನಂತರ ಔರಂಗಜೇಬ ಅದರ ಮೇಲೆ ತನ್ನ ಬರಹವನ್ನೂ ಕೆತ್ತಿಸಿದ. ಒಂದೇ ಲೋಹದ ಮೇಲೆ ಮೂರು ಮನೆತನ. ಬಾಯಿಯ ಕಡೆ ಆನೆಯನ್ನು ಕಚ್ಚಿ ಹಿಡಿದ ಮೃಗದ ತಲೆ ತೋರಿಸಿ, ನಡುವೆ 1565ರ ತಾಳಿಕೋಟೆ ಯುದ್ಧವನ್ನು ತನ್ನಿ. ಅದರ ಬೆನ್ನಿಗೇ ಜುಮ್ಮಾ ಮಸೀದಿ ಎದ್ದದ್ದು, 1627ರವರೆಗೆ ಎರಡನೇ ಇಬ್ರಾಹಿಂ, 1656ರವರೆಗೆ ಅವನ ಮಗ ಮೊಹಮ್ಮದ್. ಬೆಳಿಗ್ಗೆ ನೋಡಿದ್ದು ಮಗನ ಗೋರಿ, ಈಗ ಹೋಗುತ್ತಿರುವುದು ಅಪ್ಪನ ಗೋರಿಗೆ ಎಂದು ಬುರುಜಿನ ಮೇಲೇ ಹೇಳಿಬಿಟ್ಟರೆ ಮುಂದೆ ಯಾರಿಗೂ ಗೊಂದಲವಾಗುವುದಿಲ್ಲ. ಮಕ್ಕಳು ತೋಪಿನ ಮೇಲೆ ಹತ್ತದಂತೆ ಒಬ್ಬರು ಕಾಯಬೇಕು. ಹತ್ತಿರದ ಉಪಲಿ ಬುರುಜಿಗೆ ಮೆಟ್ಟಿಲುಗಳು ಹೊರಮೈಯನ್ನು ಸುತ್ತಿ ಹೋಗುತ್ತವೆ. ಗಾಳಿ ಜೋರಿದ್ದ ದಿನ, ಚಿಕ್ಕ ಮಕ್ಕಳಿದ್ದಾಗ ಬಿಟ್ಟುಬಿಡಿ.

ಇಬ್ರಾಹಿಂ ರೋಜಾಕ್ಕೆ ನಾಲ್ಕು ಗಂಟೆಗೆ ತಲುಪಿದರೆ ಸರಿ. ಒಂದೇ ಕಟ್ಟೆಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರು ನಿಂತಿವೆ. ಮಸೀದಿ ಪಶ್ಚಿಮಕ್ಕಿದೆ, ಆದ್ದರಿಂದ ಇಳಿಬಿಸಿಲು ಗೋರಿಯ ಮುಖದ ಮೇಲೆ ಓರೆಯಾಗಿ ಬಿದ್ದು ಕೆತ್ತನೆಯ ಆಳ ಎದ್ದು ಕಾಣುತ್ತದೆ. ತೀರ ತಡವಾದರೆ ಮಸೀದಿಯ ನೆರಳೇ ಬಂದು ಮುಚ್ಚುತ್ತದೆ. ಕಿಟಕಿಗಳ ಜಾಲಂಧ್ರವನ್ನು ಹತ್ತಿರದಿಂದ ತೋರಿಸಿ: ಅದು ಬಳ್ಳಿಯ ವಿನ್ಯಾಸವಲ್ಲ, ಕಲ್ಲನ್ನು ಕೊರೆದು ಬರೆದ ಅರಬ್ಬಿ ಅಕ್ಷರ. ಒಳಗೆ ಹೋದವರು ತಲೆ ಎತ್ತಿ ಸಪಾಟಾದ ಕಲ್ಲಿನ ಚಾವಣಿಯನ್ನು ನೋಡದೆ ಹೊರಬರಬಾರದು. ತಾಜ್ ಮಹಲಿಗೆ ಇದೇ ಸ್ಫೂರ್ತಿ ಎಂಬ ಮಾತನ್ನು ಖಚಿತ ಸಂಗತಿಯಂತೆ ಹೇಳುವ ರೂಢಿ ಬಿಡಬೇಕು. ವಾಸ್ತುಶಿಲ್ಪಿ ಮಲಿಕ್ ಸಂದಲ್‌ನ ಈ ಕೆಲಸಕ್ಕೆ ಇನ್ನೊಂದು ಕಟ್ಟಡದ ಹೆಸರಿನ ಆಸರೆ ಬೇಕಿಲ್ಲ, ಹಾಗೆ ಹೇಳಿದರೆ ಜನ ಇದನ್ನು ನೋಡುವುದು ಬಿಟ್ಟು ಅದರ ಹೋಲಿಕೆ ಹುಡುಕುತ್ತಾರೆ.

ಶುಕ್ರವಾರವಾದರೆ ಜುಮ್ಮಾ ಮಸೀದಿಯನ್ನು ಹನ್ನೊಂದರೊಳಗೆ ಮುಗಿಸಲೇಬೇಕು, ಮಧ್ಯಾಹ್ನದ ನಮಾಜಿಗೆ ಜನ ಸೇರುತ್ತಾರೆ; ಅಂದು ವಸ್ತುಸಂಗ್ರಹಾಲಯಕ್ಕೂ ರಜೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ ಎರಡಕ್ಕೂ ಬೇರೆ ಬೇರೆ ಟಿಕೆಟ್, 15 ವರ್ಷದೊಳಗಿನವರಿಗೆ ಬೇಕಿಲ್ಲ. ಮೊಬೈಲಿನಲ್ಲಿ ಮೊದಲೇ ತೆಗೆದಿಟ್ಟುಕೊಂಡರೆ ಬೆಳಿಗ್ಗೆ 6ಕ್ಕೆ ಗೇಟಿನಲ್ಲಿ ಚಿಲ್ಲರೆಗೆ ಪರದಾಡುವುದು ತಪ್ಪುತ್ತದೆ.