ಹಾಲುವಾಣದ ಮರದಡಿ ಕಡಲಾಮೆಯ ಮಾತು

ಮಡಿಕೇರಿಯ ರಾಜಾಸೀಟ್, ಅಬ್ಬಿ ಜಲಪಾತಗಳ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ; ಅಲ್ಲಿ ಕಂಡದ್ದೆಲ್ಲ ಮೊಬೈಲ್ ಎತ್ತಿ ಹಿಡಿದ ಕೈಗಳೇ. ಕೊಡಗು ನನಗೆ ದಕ್ಕಿದ್ದು ಕಕ್ಕಬ್ಬೆಯ ಕಾಫಿ ತೋಟದಲ್ಲಿ.

ಫೆಬ್ರವರಿ ಕೊನೆ. ಕಣದ ತುಂಬ ರೊಬಸ್ಟಾ ಹಣ್ಣು ಒಣಗುತ್ತಿತ್ತು. ಹಾಲುವಾಣ ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟಿತ್ತು. ಹೂಗೊಂಚಲಿಗೆ ತಲೆಕೆಳಗಾಗಿ ಜೋತುಬಿದ್ದು ಮಕರಂದ ಹೀರುತ್ತಿದ್ದದ್ದು ನಮ್ಮ ಪಶ್ಚಿಮಘಟ್ಟಕ್ಕೇ ಸೀಮಿತವಾದ ಪುಟ್ಟ ಸೂರಕ್ಕಿ: ನೆತ್ತಿ ಮಿರುಗುವ ಹಸಿರು, ಬೆನ್ನು ಕಡುಗೆಂಪು, ಹೊಟ್ಟೆ ಹಳದಿ.

‘ಹಮ್ಮಿಂಗ್ ಬರ್ಡ್ ತೋರಿಸುತ್ತೇವೆ’ ಎಂದು ಬೇರೊಂದು ವಸತಿಯವರು ನನ್ನಿಂದ ಮುಂಗಡ ಪಡೆದು, ಕೊನೆಗೆ ಹಣವನ್ನೂ ಹಿಂದಿರುಗಿಸಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಹೋಗುವವರು ತಿಳಿದಿರಲಿ: ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಇಲ್ಲಿ ಸೂರಕ್ಕಿಯನ್ನು ಕೇಳಿ, ಹಾಲುವಾಣ ಹೂ ಬಿಟ್ಟಾಗ ಬನ್ನಿ.

ನಾನುಳಿದ ಮನೆಯ ಹುಡುಗಿ ಏಳನೇ ತರಗತಿ. ಜಗಲಿಯಲ್ಲಿ ಕೂತು ಶಾಲೆಗೆಂದು ಕಡಲಾಮೆ ಮತ್ತು ಹಮ್ಮಿಂಗ್ ಬರ್ಡ್‌ಗಳ ವ್ಯತ್ಯಾಸ ಪಟ್ಟಿ ಮಾಡುತ್ತಿದ್ದಳು.

“ಇದರಲ್ಲಿ ಬರೆಯುವುದೇನಿದೆ ಆಂಟಿ? ಒಂದು ಸರೀಸೃಪ, ಒಂದು ಹಕ್ಕಿ. ಒಂದು ಭಾರ, ಒಂದು ಹಗುರ.”

ಹಗುರ ಎಂದರೆ ಎಷ್ಟು? ಉತ್ತರ ಅಮೆರಿಕದ ರೂಬಿ ಥ್ರೋಟೆಡ್ ಹಮ್ಮಿಂಗ್ ಬರ್ಡ್ ಸುಮಾರು 3 ಗ್ರಾಂ. ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆ 40 ಕಿಲೋದ ಆಸುಪಾಸು. ಆದರೆ ಆ ಮೂರು ಗ್ರಾಮಿನ ಜೀವ ಕೊಬ್ಬು ತುಂಬಿಸಿಕೊಂಡು, ಮೆಕ್ಸಿಕೋ ಕೊಲ್ಲಿಯ ಸುಮಾರು 800 ಕಿ.ಮೀ. ನೀರನ್ನು ಎಲ್ಲೂ ಇಳಿಯದೆ ದಾಟಬಲ್ಲದು ಎಂದಾಗ ಅವಳ ಪೆನ್ಸಿಲ್ ನಿಂತಿತು.

“ಹಾಗಾದರೆ ಇಬ್ಬರೂ ಕಡಲು ದಾಟುವವರೇ!”

ಅಲ್ಲಿಂದ ಮಾತು ಹಿಡಿದುಕೊಂಡಿತು. ನಾನು ಅಂಗೈ ಚಪ್ಪಟೆ ಮಾಡಿ ಮುಂದಕ್ಕೆ ಬೀಸಿ, ತಿರುವಿ ಹಿಂದಕ್ಕೆ ತಂದು ತೋರಿಸಿದೆ. ಹಮ್ಮಿಂಗ್ ಬರ್ಡ್ ರೆಕ್ಕೆಯನ್ನು ಹೀಗೆ ತಿರುಗಿಸುವುದರಿಂದಲೇ ಬಡಿತದ ಎರಡೂ ದಿಕ್ಕಿನಲ್ಲಿ ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಅದಕ್ಕೇ ಹೂವಿನೆದುರು ನಿಂತಲ್ಲೇ ನಿಲ್ಲುತ್ತದೆ. ಕಡಲಾಮೆಯ ಮುಂಗಾಲೂ ರೆಕ್ಕೆಯಂತೆಯೇ ನೀರಿನಲ್ಲಿ ಮೇಲೆ ಕೆಳಗೆ ಬಡಿಯುತ್ತದೆ. ಅವಳು ತಾನೂ ಕೈ ಬೀಸಿ ನೋಡಿದಳು.

“ಮರಿಗಳು?”

ಅಲ್ಲಿ ದಾರಿ ಕವಲೊಡೆಯುತ್ತದೆ. ಹಮ್ಮಿಂಗ್ ಬರ್ಡ್ ತಾಯಿ ಎರಡೇ ಮೊಟ್ಟೆಯಿಟ್ಟು ಒಬ್ಬಳೇ ಸಾಕುತ್ತಾಳೆ. ಆಮೆ ನೂರರಷ್ಟು ಮೊಟ್ಟೆ ಮರಳಲ್ಲಿ ಹೂತು ಕಡಲಿಗೆ ಮರಳುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಬಿಸಿ ಹೆಚ್ಚಾದಷ್ಟೂ ಹೆಣ್ಣೇ ಹೆಚ್ಚು. ಬೇಸಿಗೆಗಳು ಏರುತ್ತಿರುವ ಈ ಕಾಲದಲ್ಲಿ ಅದನ್ನು ಹೇಳುವಾಗ ನನಗೆ ಸಂಕಟವಾಯಿತು.

ಕಡಂಬುಟ್ಟು ತಟ್ಟೆ ತಂದಿಟ್ಟ ಅವಳ ಅಪ್ಪ, “ನಮ್ಮ ಹೊಳೆ ಕಾವೇರಿಗೆ ಸೇರುತ್ತದೆ. ಕಾವೇರಿ ಕಡಲಿಗೆ ಸೇರುವ ಕಡೆ ಈ ಆಮೆಗಳಿವೆಯೇ?” ಎಂದು ಕೇಳಿದರು. ಇವೆ, ತಮಿಳುನಾಡಿನ ಪೂಂಪುಹಾರ್, ನಾಗಪಟ್ಟಿಣಂ ದಂಡೆಗಳಲ್ಲಿ ಆಲಿವ್ ರಿಡ್ಲೆ ಮೊಟ್ಟೆಯಿಡುತ್ತದೆ. ಅವರು ಮತ್ತೇನೂ ಕೇಳದೆ ಅಲ್ಲೇ ಕೂತರು. ಮರುದಿನ ನಾಲ್ಕುನಾಡು ಅರಮನೆಗೆ ಹೋಗಬೇಕಿದ್ದ ನನಗೆ ಬೇಗ ಮಲಗುವ ಯೋಚನೆಯೇ ಬರಲಿಲ್ಲ.

“ಸೂರಕ್ಕಿಯೂ ಮಕರಂದ ಕುಡಿಯುತ್ತದಲ್ಲ, ಅದು ಹಮ್ಮಿಂಗ್ ಬರ್ಡ್‌ನ ನೆಂಟನೇ?” ಎಂದಳು.

“ಅಲ್ಲ. ಹಮ್ಮಿಂಗ್ ಬರ್ಡ್‌ಗೆ ಹತ್ತಿರದ ನೆಂಟರು ಸ್ವಿಫ್ಟ್ ಎನ್ನುವ ಬಾನಾಡಿಗಳು. ಸೂರಕ್ಕಿಯದು ಬೇರೆಯೇ ಕುಲ, ಗುಬ್ಬಿ ಕಾಗೆಗಳ ಕಡೆಯದು.”

ಅವಳು ಸ್ಕೇಲ್ ಇಟ್ಟು ಪಟ್ಟಿಯಲ್ಲಿ ಮೂರನೆಯ ಕಾಲಂ ಎಳೆದಳು.