ಭೀಮಾ ದಂಡೆಗೆ ಎಂಥ ದಾರ, ಎಂಥ ರೀಲು

ಗಾಳ ಹಾಕುವ ಹವ್ಯಾಸವನ್ನು ಹೊಸದಾಗಿ ಹಚ್ಚಿಕೊಂಡವರು ಸಿಕ್ಕಾಗ ಮೊದಲು ಕೇಳುವ ಪ್ರಶ್ನೆ, ಯಾವ ರೀಲು ಕೊಳ್ಳಬೇಕು ಎಂಬುದು. ಕೈಯಲ್ಲಿರುವ ಹಣದಲ್ಲಿ ಮೊದಲು ಒಳ್ಳೆಯ ದಾರ ಮತ್ತು ಒಳ್ಳೆಯ ಗಾಳಗಳನ್ನು ಕೊಳ್ಳಿ, ಉಳಿದುದರಲ್ಲಿ ರೀಲು ನೋಡೋಣ ಎಂದೇ ನಾನು ಹೇಳುತ್ತೇನೆ. ಕೇಳಿದವರಿಗೆ ಇದು ಸ್ವಲ್ಪ ನಿರಾಸೆಯನ್ನುಂಟುಮಾಡುತ್ತದೆ, ಏಕೆಂದರೆ ಅಂಗಡಿಯ ಗಾಜಿನ ಹಿಂದೆ ಹೊಳೆಯುವುದು ರೀಲು, ದಾರವಲ್ಲ. ಆದರೆ ಭೀಮಾ ಮತ್ತು ಕಾಗಿಣಾ ನದಿಗಳಲ್ಲಿ ಕಚ್ಚಿದ ಮೀನು ಕೈತಪ್ಪಿ ಹೋಗುವುದು ರೀಲಿನ ದೋಷದಿಂದ ತೀರ ಅಪರೂಪ. ಬಹುತೇಕ ಸಲ ಅದು ಹೋಗುವುದು ಬಂಡೆಯ ಅಂಚಿಗೆ ಉಜ್ಜಿ ಸವೆದ ದಾರದಿಂದ ಅಥವಾ ಅವಸರದಲ್ಲಿ ಹಾಕಿದ ಗಂಟಿನಿಂದ.

ಕಾರಣ ನಮ್ಮ ನೆಲದಲ್ಲಿಯೇ ಇದೆ. ಶಹಾಬಾದ್, ಚಿತ್ತಾಪುರ, ಸೇಡಂ ಭಾಗದ ಕಲ್ಲು ಸುಣ್ಣಕಲ್ಲು. ಮನೆಗಳ ನೆಲಕ್ಕೂ ಅಂಗಳಕ್ಕೂ ಹಾಸುವ, ವಾಡಿ ಮತ್ತು ಸೇಡಂ ಕಡೆಗೆ ಸಿಮೆಂಟ್ ಕಾರ್ಖಾನೆಗಳನ್ನು ಕರೆತಂದ ಕಲ್ಲು ಅದೇ. ಅದು ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡ ಕಡೆಯಲ್ಲೆಲ್ಲ ಚೂಪಾದ ಅಂಚನ್ನು ಉಳಿಸುತ್ತದೆ. ಮಳಖೇಡದ ಕೋಟೆಯ ಬದಿಗೆ ಹರಿಯುವ ಕಾಗಿಣಾದಲ್ಲಿಯೂ, ಅದು ಭೀಮೆಯನ್ನು ಕೂಡುವ ಹೊನಗುಂಟಾದ ಆಸುಪಾಸಿನಲ್ಲಿಯೂ ಗಾಳ ಹಾಕಿದವರಿಗೆ ಈ ಅಂಚಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ದೊಡ್ಡ ಮೀನನ್ನು ದಡಕ್ಕೆ ತಂದ ಮೇಲೆ, ಗಾಳದಿಂದ ಮೇಲಿನ ಒಂದು ಮಾರು ದಾರವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳ ನಡುವೆ ಹಿಡಿದು ನಿಧಾನವಾಗಿ ಎಳೆದು ನೋಡಿ. ನುಣ್ಣಗೆ ಜಾರುತ್ತಿದ್ದ ದಾರ ಒಂದೆಡೆ ಉಗುರಿಗೆ ತಡೆಯುತ್ತದೆ. ಬೆಳಕಿಗೆ ಹಿಡಿದರೆ ಅಲ್ಲಿ ಬೆಳ್ಳಗಿನ ಒಂದು ಗೀರು, ಗೀರಿನ ಬದಿಗೆ ಎದ್ದುನಿಂತ ಸಣ್ಣ ಸಿಬಿರು ಕಾಣುತ್ತದೆ. ಅಷ್ಟು ದಾರವನ್ನು ಕತ್ತರಿಸಿ ಬಿಸಾಡಿ ಹೊಸದಾಗಿ ಗಂಟು ಹಾಕುವುದಕ್ಕೆ ಬೇಸರಪಡುವವನು ಮುಂದಿನ ಮೀನನ್ನು ಆಗಲೇ ಬಿಟ್ಟುಕೊಟ್ಟ ಹಾಗೆ. ಕತ್ತರಿಸಿದ ತುಂಡನ್ನು ದಂಡೆಯಲ್ಲಿ ಬಿಡಬಾರದು, ಜೇಬಿಗೆ ಹಾಕಿಕೊಳ್ಳಬೇಕು; ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡ ನೈಲಾನನ್ನು ಬಿಡಿಸುವವರು ಅಲ್ಲಿ ಯಾರೂ ಇರುವುದಿಲ್ಲ.

ಈ ಕಾರಣದಿಂದಲೇ ಇತ್ತೀಚೆಗೆ ಎಲ್ಲರೂ ಹೊಗಳುವ ಹೆಣೆದ ದಾರದ ಬಗ್ಗೆ, ಅಂದರೆ ಬ್ರೇಡ್ ಬಗ್ಗೆ, ನನಗೆ ಅರೆಮನಸ್ಸು. ಅದು ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರುಗಳಲ್ಲಿ ಬರುವ ಪಾಲಿಎಥಿಲೀನ್ ನೂಲುಗಳಿಂದ ಹೆಣೆದದ್ದು. ಅದರ ಗುಣಗಳು ನಿಜವಾದವು: ಒಂದೇ ದಪ್ಪಕ್ಕೆ ನೈಲಾನಿಗಿಂತ ಎಷ್ಟೋ ಪಟ್ಟು ಬಲ, 30 ಪೌಂಡು ಭಾರ ತಡೆಯುವ ಬ್ರೇಡ್ ಹೆಚ್ಚುಕಡಿಮೆ 8 ಪೌಂಡು ತಡೆಯುವ ನೈಲಾನಿನಷ್ಟೇ ತೆಳ್ಳಗಿರುತ್ತದೆ, ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ, ಎಳೆದರೆ ಬಹಳ ಕಡಿಮೆ ಹಿಗ್ಗುವುದರಿಂದ ದೂರದ ಸಣ್ಣ ಕಚ್ಚುವಿಕೆಯೂ ಕೈಗೆ ತಿಳಿಯುತ್ತದೆ. ಆದರೆ ಬಿಗಿದು ನಿಂತ ಬ್ರೇಡ್ ಸುಣ್ಣಕಲ್ಲಿನ ಅಂಚಿಗೆ ತಗುಲಿದರೆ ಅದರ ತೆಳುವಾದ ನೂಲುಗಳು ಒಂದೊಂದಾಗಿ ಹರಿದು, ನೋಡನೋಡುತ್ತಿದ್ದಂತೆ ದಾರ ಹೋಗಿಬಿಡುತ್ತದೆ. ಅಲ್ಲಿ ದಪ್ಪನೆಯ ನೈಲಾನ್ ಗೀರುಬಿದ್ದರೂ ಸ್ವಲ್ಪ ಹೊತ್ತು ತಡೆದು ನಿಲ್ಲುತ್ತದೆ. ಮೇಲಾಗಿ ನೈಲಾನಿನ ಹಿಗ್ಗುವ ಗುಣವನ್ನು ಜಾಹೀರಾತುಗಳು ದೋಷವೆಂದು ಬಣ್ಣಿಸಿದರೂ, ದಡದ ಹತ್ತಿರ ಬಂದ ಕಟ್ಲಾ ಕೊನೆಯ ಬಾರಿ ತಲೆ ತಿರುಗಿಸಿ ಓಡುವಾಗ ಗಾಳವನ್ನು ಅದರ ಬಾಯಿಯಲ್ಲಿ ಉಳಿಸುವುದು ಆ ಹಿಗ್ಗುವಿಕೆಯೇ.

ಬ್ರೇಡ್ ಬೇಡವೇ ಬೇಡ ಎಂದಲ್ಲ. ಸುರಪುರ, ಶಹಾಪುರ ಕಡೆಯ ಕೆರೆಗಳಲ್ಲಿ ತಾವರೆ ಎಲೆ ಮತ್ತು ಜೊಂಡಿನ ನಡುವೆ ಕೊರಮೀನಿಗಾಗಿ ರಬ್ಬರಿನ ಕಪ್ಪೆ ಎಸೆಯುವವರಿಗೆ ಬ್ರೇಡ್ ಬಿಟ್ಟು ಬೇರೆ ದಾರಿಯಿಲ್ಲ. ಕೊರಮೀನು ಗಾಳಿ ಕುಡಿಯಲು ಮೇಲೆ ಬರುವ ಮೀನು; ಎಲೆಗಳ ಸಂದಿಯಲ್ಲಿ ಅದು ಎದ್ದ ಕಡೆಗೇ ಎಸೆಯಬೇಕು, ಕಚ್ಚಿದ ಕೂಡಲೇ ಜೊಂಡಿನೊಳಕ್ಕೆ ನುಗ್ಗಲು ಬಿಡದೆ ಜಗ್ಗಬೇಕು. ಅಲ್ಲಿ ನೈಲಾನ್ ಹಿಗ್ಗುತ್ತಾ ಕೂತರೆ ಕೆಲಸ ಕೆಟ್ಟಿತು. ಬ್ರೇಡ್ ಆದರೆ ಜೊಂಡಿನ ಎಳೆಗಳನ್ನು ಕತ್ತರಿಸಿಕೊಂಡು ಬರುತ್ತದೆ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕಂಡ ಕಡೆ ಮಾತ್ರ ಎಸೆಯಬಾರದು, ಅದರ ಕೆಳಗೆ ಇರುವುದು ಮರಿ ಕಾಯುವ ತಂದೆತಾಯಿ. ಕೆರೆ ಮೀನುಗಾರರ ಸಹಕಾರ ಸಂಘದ ಗುತ್ತಿಗೆಯಲ್ಲಿದ್ದರೆ ಸಂಘದವರನ್ನು ಕೇಳಿಯೇ ಇಳಿಯುವುದು ನ್ಯಾಯ. ಬೀದರಿನ ಕಾರಂಜಾ ಜಲಾಶಯದಂತಹ ಬಯಲು ನೀರಿನಲ್ಲಿಯೂ, ದೂರ ಎಸೆಯುವುದೇ ಮುಖ್ಯವಾದಾಗ, ನಾನು ಬ್ರೇಡನ್ನೇ ಹಾಕುತ್ತೇನೆ. ಆದರೆ ತುದಿಗೆ 0.40 ಮಿಲಿಮೀಟರಿನ ನೈಲಾನನ್ನು ಎರಡು ಮಾರು ಜೋಡಿಸದೆ ಎಂದೂ ಎಸೆಯುವುದಿಲ್ಲ.

ಇನ್ನು ಫ್ಲೋರೋಕಾರ್ಬನ್. 1970ರ ದಶಕದ ಮೊದಲಲ್ಲಿ ಜಪಾನಿನಲ್ಲಿ ಗಾಳದ ದಾರವಾಗಿ ಬಂದ ಈ ವಸ್ತುವಿನ ದೊಡ್ಡ ಹೆಗ್ಗಳಿಕೆ, ಅದು ನೀರಿನಲ್ಲಿ ಕಾಣುವುದಿಲ್ಲ ಎಂಬುದು. ಬೆಳಕನ್ನು ಬಾಗಿಸುವ ಪ್ರಮಾಣ ನೀರಿಗೆ 1.33, ಇದಕ್ಕೆ ಸುಮಾರು 1.42, ನೈಲಾನಿಗೆ ಸುಮಾರು 1.53; ಆದ್ದರಿಂದ ನೀರಿಗೆ ಇದು ಹೆಚ್ಚು ಹತ್ತಿರ, ಅಷ್ಟರ ಮಟ್ಟಿಗೆ ಮಾತು ಸರಿ. ಆದರೆ ಎರೆ ಭೂಮಿಯ ಮಣ್ಣನ್ನೆಲ್ಲ ತೊಳೆದುಕೊಂಡು ಬರುವ ಭೀಮೆಯ ನೀರಿನಲ್ಲಿ, ಮಳೆಗಾಲದ ನಂತರ ಎಷ್ಟೋ ದಿನಗಳವರೆಗೆ ಮೊಣಕಾಲುದ್ದ ನೀರಿನಲ್ಲಿ ನಿಂತವನಿಗೆ ತನ್ನ ಪಾದವೇ ಕಾಣುವುದಿಲ್ಲ. ಅಂಥ ನೀರಿನಲ್ಲಿ ಕಾಣದಿರುವ ದಾರಕ್ಕೆ ಎರಡು ಮೂರು ಪಟ್ಟು ಬೆಲೆ ಕೊಡುವುದರಲ್ಲಿ ಅರ್ಥವಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ನೀರು ತಿಳಿಯಾಗುವ ಕಲ್ಲುಗಣಿ ಹೊಂಡಗಳಲ್ಲಿ ತುದಿಯ ಒಂದು ಮಾರಿಗೆ ಬೇಕಾದರೆ ಬಳಸಬಹುದು. ಅದು ನೀರಿಗಿಂತ ಬಹಳ ಭಾರವಾದ್ದರಿಂದ ಬೇಗ ಮುಳುಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು, ಬೆಂಡು ಕಟ್ಟಿ ಕೂರುವವರು ಅದರ ಗೊಡವೆಗೆ ಹೋಗದಿರುವುದು ಲೇಸು.

ಹಾಗಾಗಿ ನಮ್ಮ ಕಡೆಗೆ ಒಂದೇ ದಾರ ಎಂದರೆ ನಾನು ಹೇಳುವುದು 0.35 ಮಿಲಿಮೀಟರಿನ ಒಳ್ಳೆಯ ನೈಲಾನ್. ರೋಹು, ಮೃಗಾಲ್, ಮಧ್ಯಮ ಗಾತ್ರದ ಕಟ್ಲಾ ಎಲ್ಲಕ್ಕೂ ಅದು ಸಾಕು. ಸಾಲುಸಾಲು ಹಲ್ಲುಗಳಿರುವ ಬಾಳೆಮೀನಿಗೆ ಮಾತ್ರ ತುದಿಗೆ ಇನ್ನೂ ದಪ್ಪನೆಯದು ಬೇಕು. ನೈಲಾನಿನ ವೈರಿ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಕಾರಿನ ಹಿಂದಿನ ಗಾಜಿನ ಕೆಳಗೆ ತಿಂಗಳುಗಟ್ಟಲೆ ಬಿದ್ದ ದಾರ, ನೋಡಲು ಹೊಸದರಂತಿದ್ದರೂ ಗಂಟು ಬಿಗಿಯುವಾಗಲೇ ಪಟ್ಟನೆ ಹರಿಯುತ್ತದೆ. ಅಂಗಡಿಯ ಬಾಗಿಲಲ್ಲಿ ಬಿಸಿಲಿಗೆ ತೂಗುಹಾಕಿದ ಸುರುಳಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಮನೆಯಲ್ಲಿ ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು, ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ಸುರುಳಿಯ ಮೇಲೆ ಮುದ್ರಿಸಿದ ತೂಕವನ್ನು ನಂಬುವುದಕ್ಕಿಂತ ಪರೀಕ್ಷಿಸುವುದು ಸುಲಭ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಬೇವಿನ ಟೊಂಗೆಗೆ ದಾರದ ಒಂದು ತುದಿ ಸುತ್ತಿ, ಇನ್ನೊಂದು ತುದಿಗೆ ನೀವು ಗಾಳಕ್ಕೆ ಹಾಕುವ ಗಂಟನ್ನೇ ಹಾಕಿ ಬಕೆಟ್ಟನ್ನು ನೇತುಹಾಕಿ, ಲೀಟರಿನ ಚೊಂಬಿನಿಂದ ನೀರು ಸುರಿಯುತ್ತಾ ಹೋಗಬೇಕು. ದಾರವನ್ನು ಮೊದಲೇ ಒಂದೆರಡು ಗಂಟೆ ನೀರಿನಲ್ಲಿ ನೆನೆಸಿಡಬೇಕು, ಏಕೆಂದರೆ ನೈಲಾನ್ ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ, ಮೀನು ಹಿಡಿಯುವುದಂತೂ ನೀರಿನಲ್ಲಿಯೇ. ಬಕೆಟ್ಟು ಬಿದ್ದಾಗ ಗಮನಿಸಿ: ಹರಿದಿರುವುದು ನಡುದಾರವಲ್ಲ, ಗಂಟು. ಅದೇ ಗಂಟನ್ನು ಈ ಬಾರಿ ಉಗುಳಿನಿಂದ ಒದ್ದೆ ಮಾಡಿ, ನಿಧಾನವಾಗಿ ಬಿಗಿದು ಮತ್ತೆ ತೂಗಿದರೆ ಹೆಚ್ಚು ನೀರು ಹಿಡಿಯುತ್ತದೆ. ಒಣ ದಾರವನ್ನು ಜೋರಾಗಿ ಎಳೆದು ಬಿಗಿದಾಗ ಉಜ್ಜಿದ ಕಾವಿಗೆ ನೈಲಾನ್ ಅಲ್ಲಿಯೇ ಸೊರಗಿರುತ್ತದೆ. ಗಾಳಕ್ಕೆ ನಾನು ಹಾಕುವುದು ಪಾಲೋಮಾರ್ ಗಂಟು. ದಾರವನ್ನು ಜೋಡಿಯಾಗಿ ಗಾಳದ ಕಣ್ಣಿನೊಳಗೆ ದಾಟಿಸಿ, ಸಡಿಲವಾದ ಒಂದು ಗಂಟು ಹಾಕಿ, ಆ ಕುಣಿಕೆಯೊಳಗಿಂದ ಗಾಳವನ್ನೇ ಹಾಯಿಸಿ ಬಿಗಿಯುವುದು. ನುಣುಪಿನಿಂದಾಗಿ ಸಾಮಾನ್ಯ ಗಂಟಿನಲ್ಲಿ ಜಾರಿಬಿಡುವ ಬ್ರೇಡನ್ನೂ ಅದು ಹಿಡಿದುಕೊಳ್ಳುತ್ತದೆ.

ರೀಲಿನ ಬಗ್ಗೆ ಹೇಳುವುದು ಕಡಿಮೆಯಿದೆ. ಸ್ಥಿರ ಸ್ಪೂಲಿನ, ಅಂದರೆ ದಾರ ಸುತ್ತಿದ ಉರುಳೆ ಎಸೆಯುವಾಗ ತಿರುಗದ, ರೀಲಿಗೆ ಇಂಗ್ಲೆಂಡಿನ ಇಲಿಂಗ್‌ವರ್ತ್ ಪೇಟೆಂಟ್ ಪಡೆದದ್ದು 1905ರಲ್ಲಿ. ನಾವು ಇಂದು ಸ್ಪಿನ್ನಿಂಗ್ ರೀಲು ಎನ್ನುವುದು ಅದೇ ಉಪಾಯದ ಬೆಳೆದ ರೂಪ, ಹೊಸಬರಿಗೆ ಅದೇ ಸಾಕು. ಎಸೆಯುವಾಗ ಉರುಳೆಯೇ ತಿರುಗುವ ಬೇಟ್‌ಕಾಸ್ಟರ್ ರೀಲು ಕೊರಮೀನಿನ ಕಪ್ಪೆ ಎಸೆಯುವವರಿಗೆ ಒಪ್ಪುತ್ತದೆ, ಕಣಕದ ಉಂಡೆ ಕಟ್ಟಿ ಕಾಯುವವರಿಗೆ ಅದರಿಂದ ಲಾಭವಿಲ್ಲ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯುವ ಬೇರಿಂಗ್ ಸಂಖ್ಯೆಯನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಹತ್ತು ಕಳಪೆ ಬೇರಿಂಗುಗಳಿಗಿಂತ ಮುಚ್ಚಳ ಭದ್ರವಾಗಿರುವ ನಾಲ್ಕು ಒಳ್ಳೆಯವು ಮೇಲು. ಎರೆ ಮಣ್ಣಿನ ಹುಡಿ ಬೇಸಿಗೆಯಲ್ಲಿ ಎಲ್ಲಿ ಬೇಕಾದರೂ ನುಗ್ಗುತ್ತದೆ, ಗ್ರೀಸಿನೊಂದಿಗೆ ಬೆರೆತು ಗೇರುಗಳನ್ನು ಅರೆಯುತ್ತದೆ. ಆದ್ದರಿಂದ ರೀಲನ್ನು ದಂಡೆಯ ಮಣ್ಣಿನ ಮೇಲೆ ಮಲಗಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದು ಬೇರೆಯವರ ರೀಲಾದರೂ ಸರಿ.

ರೀಲಿನಲ್ಲಿ ನೋಡಬೇಕಾದದ್ದು ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಅದನ್ನು ಹಿಡಿತದಲ್ಲಿ ಬಿಡುವ ಬ್ರೇಕು. ದಾರವನ್ನು ಕೈಯಿಂದ ಎಳೆದಾಗ ಅದು ಜರ್ಕು ಹೊಡೆಯದೆ ಒಂದೇ ಸಮ ಬಿಡಬೇಕು. ಮೊದಲ ಎಳೆತಕ್ಕೆ ಹಿಡಿದು ಆಮೇಲೆ ತಟ್ಟನೆ ಬಿಡುವ ರೀಲು ಎಷ್ಟೇ ಅಗ್ಗವಾದರೂ ಬೇಡ. ದಾರದ ಬಲದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಅದನ್ನು ಹೊಂದಿಸಬೇಕು: 8 ಕಿಲೋ ದಾರಕ್ಕೆ ಸುಮಾರು 2 ಕಿಲೋ, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿಯೇ. ಅದಕ್ಕಿಂತ ಬಿಗಿ ಮಾಡಬಾರದು, ಏಕೆಂದರೆ ಮೀನು ದಾರ ಎಳೆದುಕೊಂಡು ಹೋದಂತೆ ಸ್ಪೂಲಿನಲ್ಲಿ ಉಳಿದ ಸುತ್ತಿನ ವ್ಯಾಸ ಕಿರಿದಾಗುತ್ತದೆ, ಅದನ್ನು ಬಿಗಿಮಾಡುವ ತಿರುಪನ್ನು ಯಾರೂ ಮುಟ್ಟದಿದ್ದರೂ ಡ್ರ್ಯಾಗ್ ತಾನಾಗಿಯೇ ಬಿಗಿಯಾಗುತ್ತಾ ಹೋಗುತ್ತದೆ. ಮೀನು ಓಡುತ್ತಿರುವಾಗ ಹಿಡಿಕೆ ತಿರುಗಿಸುವ ಅಭ್ಯಾಸವೂ ಕೆಟ್ಟದ್ದು. ಹಿಡಿಕೆಯ ಒಂದು ಸುತ್ತಿಗೆ ದಾರ ಸುತ್ತುವ ಭಾಗ 5.2 ಸುತ್ತು ತಿರುಗುವ, ಅಂದರೆ 5.2:1 ಗೇರಿನ, ರೀಲಿನಲ್ಲಿ ಹಾಗೆ ಒಂದು ಸುತ್ತು ತಿರುಗಿಸಿದರೆ ದಾರ ಒಳಗೆ ಬರುವುದಿಲ್ಲ, ಬದಲಿಗೆ ಐದು ಸುತ್ತು ಹುರಿಗೊಳ್ಳುತ್ತದೆ. ಮರುದಿನ ಎಸೆಯುವಾಗ ಗಂಟುಗಂಟಾಗಿ ಹಾರುವ ದಾರಕ್ಕೆ ಜನ ಕಂಪನಿಯನ್ನು ಬಯ್ಯುತ್ತಾರೆ. ಮನೆಗೆ ಬಂದ ಮೇಲೆ ಡ್ರ್ಯಾಗ್ ಸಡಿಲಿಸಿಡಬೇಕು, ಇಲ್ಲವಾದರೆ ಒಳಗಿನ ವಾಷರುಗಳು ಒತ್ತಿಕೊಂಡೇ ಉಳಿಯುತ್ತವೆ.

ಕೋಲು ಫೈಬರ್ ಗ್ಲಾಸಿನದಾದರೆ ಸಾಕು, ಬೈಕಿನ ಮೇಲೆ ಪೆಟ್ಟು ತಿಂದರೂ ಬಾಳುತ್ತದೆ. ಕಾರ್ಬನ್ ಕೋಲು ಹಗುರ, ಆದರೆ ವಿದ್ಯುತ್ತನ್ನು ಹರಿಸುತ್ತದೆ. ಮೇ ತಿಂಗಳ ಸಂಜೆ ದಿಗಂತದಲ್ಲಿ ಗುಡುಗು ಕೇಳಿಸಿದರೆ, ಬಯಲು ದಂಡೆಯಲ್ಲಿ ಅದನ್ನು ಎತ್ತಿ ಹಿಡಿದು ನಿಲ್ಲುವುದು ಜೀವಕ್ಕೆ ಸಂಚಕಾರ.

ಬೆಂಡಿಗೆ ದುಡ್ಡು ಖರ್ಚು ಮಾಡುವ ಅಗತ್ಯವೇ ಇಲ್ಲ. ಒಣಗಿದ ಜೋಳದ ದಂಟಿನ ತಿರುಳು ಯಾವ ಅಂಗಡಿಯ ಬೆಂಡಿಗೂ ಕಡಿಮೆಯಲ್ಲ, ನೀರು ಹೀರದಂತೆ ಮೇಣ ಸವರಿದರಾಯಿತು. ಕಟ್ಲಾದ ಬಾಯಿ ಮೇಲ್ಮುಖವಾದ್ದರಿಂದ ಅದಕ್ಕೆ ಎರೆಯನ್ನು ನೀರಿನ ನಡುಮಟ್ಟದಲ್ಲಿ ಅಥವಾ ಮೇಲೆ ನಿಲ್ಲಿಸಬೇಕು, ಅಲ್ಲಿ ಬೆಂಡು ಬೇಕೇ ಬೇಕು. ಮೃಗಾಲ್ ತಳದಲ್ಲಿ ಮೇಯುವ ಮೀನು, ಅದಕ್ಕೆ ಸೀಸ. ಆ ಸೀಸವನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟದೆ, ಅದಕ್ಕಿಂತ ತೆಳ್ಳಗಿನ ಒಂದು ಗೇಣು ದಾರದಲ್ಲಿ ಇಳಿಬಿಟ್ಟರೆ, ಕಲ್ಲಿನ ಸಂದಿಗೆ ಸಿಕ್ಕಾಗ ಹರಿಯುವುದು ಆ ತೆಳ್ಳಗಿನದು. ಗಾಳವೂ ಮೀನೂ ಉಳಿಯುತ್ತವೆ.

ಗಾಳದಲ್ಲಿ ಮಾತ್ರ ಅಗ್ಗದ ಮಾಲಿಗೆ ನನ್ನ ಸಮ್ಮತಿಯಿಲ್ಲ. ನಾರ್ವೆಯ ಮುಸ್ಟಾಡ್ 1877ರಿಂದ ಯಂತ್ರದಲ್ಲಿ ಗಾಳ ಮಾಡುತ್ತಾ ಬಂದ ಮನೆತನ, ಜಪಾನಿನ ಗಾಳಗಳೂ ಚೆನ್ನಾಗಿವೆ. ಡಬ್ಬಿಯಲ್ಲಿ ನೂರರಂತೆ ಸುರಿದು ಕೊಡುವ ಹೆಸರಿಲ್ಲದ ಗಾಳಗಳು ದೊಡ್ಡ ರೋಹು ಬಿದ್ದಾಗ ನೆಟ್ಟಗಾಗಿ ಬರುತ್ತವೆ. ಸಂಖ್ಯೆ ಹೆಚ್ಚಾದಷ್ಟು ಗಾಳ ಚಿಕ್ಕದು ಎಂಬ ಲೆಕ್ಕ 1ರವರೆಗೆ, ಅಲ್ಲಿಂದ ಮುಂದೆ 1/0, 2/0 ಎಂದು ದೊಡ್ಡದಾಗುತ್ತಾ ಹೋಗುತ್ತದೆ. ಕಣಕಕ್ಕೆ 2 ಅಥವಾ 1, ದೊಡ್ಡ ಕಟ್ಲಾಗೆ 1/0 ಸಾಕು. ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಒತ್ತದೆ ಎಳೆದಾಗ ಅದು ಕಚ್ಚಿಕೊಂಡು ನಿಲ್ಲಬೇಕು; ಜಾರಿದರೆ ಸಣ್ಣ ಅರದಿಂದ ಮಸೆಯಬೇಕು, ಮಸೆದರೂ ಜಾರಿದರೆ ಬದಲಿಸಬೇಕು. ಮನೆಗೆ ತಂದ ಒದ್ದೆ ಗಾಳವನ್ನು ಒಣಗಿದ ಗಾಳಗಳ ಡಬ್ಬಿಗೆ ಹಾಕಬೇಡಿ, ಒಂದರ ತುಕ್ಕು ಬೆಳಗಾಗುವುದರೊಳಗೆ ಉಳಿದವಕ್ಕೆಲ್ಲ ಹಬ್ಬಲು ಶುರುವಾಗುತ್ತದೆ.