25 ಸಾವಿರದ ಗೋ-ಕಾರ್ಟ್: ಮೊದಲು ಬ್ರೇಕು, ಆಮೇಲೆ ಎಂಜಿನ್

ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಗೋ-ಕಾರ್ಟ್ (ನೆಲಕ್ಕೆ ತಾಗಿದ ಹಾಗೆ ಇರುವ, ಮಾಡಿಲ್ಲದ ಪುಟ್ಟ ರೇಸ್ ಗಾಡಿ) ಮಾಡುವ ಹುಚ್ಚು ಹಿಡಿದಾಗ ಅವನು ಬರೆದ ಖರ್ಚಿನ ಪಟ್ಟಿ ಇನ್ನೂ ನನ್ನ ಹತ್ತಿರ ಉಂಟು. ಎಂಜಿನ್ನಿಗೆ 12,000. ಪೇಂಟು, ಸ್ಟಿಕ್ಕರಿಗೆ 2,500. ಎಲ್‌ಇಡಿ ಲೈಟಿಗೆ 800. ಎಲ್ಲಕ್ಕಿಂತ ಕೆಳಗೆ, ಜಾಗ ಉಳಿದಿತ್ತು ಅಂತ ಬರೆದ ಹಾಗೆ: ಬ್ರೇಕು, ಸೈಕಲ್ ಕೇಬಲ್, 150.

ನಾನು ಉಡುಪಿ ಹತ್ತಿರದ ಕಟಪಾಡಿಯಲ್ಲಿ ಗೇಟು, ಗ್ರಿಲ್ಲು, ಶೀಟಿನ ಮಾಡು ಹಾಕಿಕೊಡುವವನು. ವೆಲ್ಡಿಂಗ್ ಮೆಷಿನ್, ಗ್ರೈಂಡರ್ ಎಲ್ಲ ನಮ್ಮ ಶೆಡ್ಡಿನಲ್ಲೇ ಇದೆ, ಹಾಗಾಗಿ ಮಜೂರಿಯ ಲೆಕ್ಕ ಇಲ್ಲ. ಸಾಮಾನಿಗೆ ಅಕ್ಕ ಒಪ್ಪಿದ್ದು 25,000. ಅದರ ಮೇಲೆ ಒಂದು ರೂಪಾಯಿ ಇಲ್ಲ. ನಾನು ಪಟ್ಟಿಯನ್ನೇ ತಲೆಕೆಳಗೆ ಮಾಡಿದೆ. ಮೊದಲು ಬ್ರೇಕು, ಆಮೇಲೆ ಆಕ್ಸಲ್, ಆಮೇಲೆ ಸ್ಟೀರಿಂಗ್. ಉಳಿದ ದುಡ್ಡಿಗೆ ಯಾವ ಎಂಜಿನ್ ಸಿಗುತ್ತದೋ ಅದು. ಲೈಟು, ಸ್ಟಿಕ್ಕರಿಗೆ ಗೀಟು ಎಳೆದೆ.

"ಸಣ್ಣ ಎಂಜಿನ್ ಹಾಕಿದ್ರೆ ಮರ್ಯಾದೆ ಹೋಗ್ತದೆ ಮಾಮ" ಅಂದ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಮತ್ತು ಲೂ ಬೊರೆಲ್ಲಿ ಸೇರಿ ಪ್ರಪಂಚದ ಮೊದಲ ಗೋ-ಕಾರ್ಟ್ ಮಾಡಿದ್ದೇ ಹುಲ್ಲು ಕತ್ತರಿಸುವ ಮೆಷಿನ್ನಿನ ಎಂಜಿನ್ ಇಟ್ಟು. ಇಂಗಲ್ಸ್ ರೇಸ್ ಕಾರು ಕಟ್ಟುವ ಕೆಲಸದವನು. ಅವನಿಗೆ ಹೋಗದ ಮರ್ಯಾದೆ ನಮಗೆ ಹೋಗ್ತದಾ?

ಸಿಕ್ಕಿದ್ದು ಹಳೇ ಟಿವಿಎಸ್ ಎಕ್ಸ್‌ಎಲ್ ಸೂಪರ್. 69.9 ಸಿಸಿ. ಮಲ್ಪೆಯಿಂದ ಬೂತಾಯಿ, ಬಂಗುಡೆ ತಂದು ಮಾರುತ್ತಿದ್ದವರ ಗಾಡಿ. ಮೀನಿನ ಬುಟ್ಟಿಯ ಉಪ್ಪುನೀರು ಬಿದ್ದು ಬಿದ್ದು ಫ್ರೇಮು, ಮಡ್‌ಗಾರ್ಡು ಹುಡಿಹುಡಿ ಆಗಿತ್ತು. ಎಂಜಿನ್ ಮಾತ್ರ ಗಟ್ಟಿ. 6,000ಕ್ಕೆ ಕೊಟ್ಟರು. ನಮ್ಮ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಗೇರಿಲ್ಲ, ಕ್ಲಚ್ ತಾನಾಗಿ ಹಿಡಿಯುತ್ತದೆ, ಚೈನ್ ಹೇಗೂ ಇದ್ದೇ ಇದೆ. ಅದರ ಮೂಲ ಚಕ್ರ 16 ಇಂಚಿನದು. ನಾವು ಹಾಕಿದ್ದು ಹಳೇ ಚೇತಕ್ ಸ್ಕೂಟರಿನ 10 ಇಂಚಿನ ಚಕ್ರ. ಇದು ರಿಮ್ಮಿನ ಅಳತೆ, ದಪ್ಪ ಟೈರು ಸೇರಿದರೆ ವ್ಯತ್ಯಾಸ ಅಷ್ಟಿಲ್ಲ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಬದಲಿಸದೆ ಇದ್ದರೂ ಇದರಿಂದಲೇ ವೇಗ ಐದರಲ್ಲಿ ಒಂದು ಪಾಲಿನಷ್ಟು ಇಳಿಯಿತು, ಎಳೆಯುವ ಶಕ್ತಿ ಸುಮಾರು ಕಾಲು ಪಾಲು ಹೆಚ್ಚಾಯಿತು. ನನಗೆ ಬೇಕಿದ್ದದ್ದೂ ಅದೇ.

ಹಳೇ ಗಾಡಿ ಬಿಚ್ಚುವವರು ಒಂದು ವಿಷಯ ಬಿಡಬೇಡಿ. ಗಾಡಿ ಇನ್ನು ರಸ್ತೆಗೆ ಬರುವುದಿಲ್ಲ ಅಂತಾದರೆ ಮಾಲೀಕರು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ವಾಪಸ್ ಕೊಡಬೇಕು. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್. ನಂಬರ್ ಪ್ಲೇಟ್ ತೆಗೆದ ಗಾಡಿಯ ಎಂಜಿನ್ ಒಂದು ಶೆಡ್ಡಿನಲ್ಲಿ ಸುಮ್ನೆ ಬಿದ್ದಿದ್ದರೆ, ನಾಳೆ ಪೊಲೀಸರು ಕೇಳಿದಾಗ ಮಂಡೆಬಿಸಿ ನಮಗೇ.

ಈಗ ಬ್ರೇಕಿಗೆ ಬರುವ. ಗೋ-ಕಾರ್ಟಿನಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲಿಗೆ ಬಿಗಿದಿರುತ್ತವೆ, ನಡುವೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. ಆದ್ದರಿಂದ ಆಕ್ಸಲಿಗೆ ಒಂದು ಡಿಸ್ಕ್ ಕೂರಿಸಿದರೆ ಎರಡೂ ಚಕ್ರ ಒಟ್ಟಿಗೆ ನಿಲ್ಲುತ್ತವೆ. ಪಲ್ಸರ್ ಬೈಕಿನ ಹಿಂದಿನ ಡಿಸ್ಕ್ ಬ್ರೇಕಿನ ಸೆಟ್ ಗುಜರಿಯಲ್ಲಿ ಸಿಕ್ಕಿತು. ಹಿಂದಿನದೇ ಯಾಕೆ ಅಂದರೆ, ಅದರ ಮಾಸ್ಟರ್ ಸಿಲಿಂಡರ್, ಅಂದರೆ ಬ್ರೇಕ್ ಆಯಿಲ್ ದೂಡುವ ಪಂಪು, ಕಾಲಲ್ಲಿ ಒತ್ತುವುದಕ್ಕೆ ಮಾಡಿದ್ದು. ಮುಂದಿನದಾದರೆ ಕೈಯ ಲಿವರಿಗೆ. ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್ ಹಳೆಯದೇ ಇರಲಿ, ತೊಂದರೆ ಇಲ್ಲ. ಆದರೆ ಒಳಗಿನ ಸೀಲ್ ಕಿಟ್, ಪ್ಯಾಡು, ಹೋಸು ಮೂರೂ ಹೊಸತು. ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು, ಸೀಲ್ ಒಡೆಯದ ಬಾಟ್ಲಿ. ಯಾರದೋ ಗ್ಯಾರೇಜಿನಲ್ಲಿ ಅರ್ಧ ಉಳಿದದ್ದು ಬೇಡ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯ ಗಾಳಿ ಗೊತ್ತಲ್ವಾ. ನೀರು ಸೇರಿದ ಆಯಿಲ್ ಬಿಸಿಯಾದಾಗ ಒಳಗೆ ಆವಿ ಎದ್ದು ಪೆಡಲ್ ಮೆತ್ತಗಾಗುತ್ತದೆ.

ಪೆಡಲಿನಿಂದ ಸಿಲಿಂಡರಿಗೆ ಹೋಗುವ ರಾಡಿನ ಜೊತೆ ಒಂದು ಸ್ಟೀಲ್ ಕೇಬಲ್ ಕೂಡ ಕಟ್ಟಿದ್ದೇವೆ. ರಾಡ್ ಕಳಚಿದರೂ ಕೇಬಲ್ ಎಳೆಯಬೇಕು. ರೇಸಿನ ನಿಯಮದಲ್ಲೂ ಈ ಜೋಡಣೆ ಎರಡೆರಡು ಇರಬೇಕು ಅಂತ ಉಂಟು. ಎಂಜಿನ್ ಕೂರಿಸುವ ಮೊದಲೇ ಕಾರ್ಟನ್ನು ತಳ್ಳಿಕೊಂಡು ಬ್ರೇಕ್ ನೋಡಿದೆವು. ಅಳಿಯ ಕೂತ, ನಾನು ದೂಡಿದೆ. ಒತ್ತಿದ ಕೂಡಲೇ ಎರಡೂ ಚಕ್ರ ಲಾಕ್ ಆಗಿ ನೆಲದಲ್ಲಿ ಕಪ್ಪು ಗೀರು ಬಿತ್ತು. ಬ್ರೇಕಿಗೆ ಒಟ್ಟು 4,200 ಆಯಿತು. ಅವನ ಪಟ್ಟಿಯ 150 ಎಲ್ಲಿ, ಇದೆಲ್ಲಿ!

ಆಕ್ಸಲ್ 25 ಮಿಲಿಮೀಟರಿನ ಇಎನ್8 ಅನ್ನುವ ಜಾತಿಯ ಉಕ್ಕಿನ ಸರಳು. ಬೇರಿಂಗ್ ಯುಸಿಪಿ 205, ಬೇರಿಂಗ್ ಅಂಗಡಿಯಲ್ಲಿ ಹಾಗೆಂದು ಕೇಳಿದರೆ ಸಾಕು. ಸ್ಪ್ರಾಕೆಟ್, ಡಿಸ್ಕ್, ಚಕ್ರದ ಹಬ್ಬುಗಳನ್ನು ಆಕ್ಸಲಿಗೆ ವೆಲ್ಡ್ ಮಾಡಿಬಿಡುವ ಅಂತ ಅಳಿಯ. ನಾನು ವೆಲ್ಡರ್ ಆಗಿಯೇ ಹೇಳುತ್ತೇನೆ, ಬೇಡ. ಇಎನ್8ನಲ್ಲಿ ಕಾರ್ಬನ್ ಜಾಸ್ತಿ. ವೆಲ್ಡಿನ ಪಕ್ಕದಲ್ಲಿ ಅದು ಪೆಡಸಾಗಿ ಒಂದು ದಿನ ಪಟ್ಟಂತ ಮುರಿಯಬಹುದು. ಉಡುಪಿಯ ಲೇತ್ ಅಂಗಡಿಯಲ್ಲಿ 8 ಮಿಲಿಮೀಟರಿನ ಕೀವೇ (ಉದ್ದದ ತೋಡು) ಹೊಡೆಸಿ, ಹಬ್ಬು ಜಾರದಂತೆ ಅದರಲ್ಲಿ ಕೀ ಅನ್ನುವ ಉಕ್ಕಿನ ತುಂಡು ಹಾಕಿದೆವು.

ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, 32 ಮಿಲಿಮೀಟರಿನ ಕರಿ ಪೈಪು, 2 ಮಿಲಿಮೀಟರ್ ದಪ್ಪ. ಮೀಟರಿಗೆ ಒಂದೂವರೆ ಕೆ.ಜಿ. ತೂಗುತ್ತದೆ. ಮನೆಯಲ್ಲಿ ಬಿದ್ದಿರುವ ನೀರಿನ ಜಿಐ ಪೈಪು ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಜಿಐ ಅಂದರೆ ಸತು ಲೇಪಿಸಿದ್ದು, ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 105 ಸೆಂಟಿಮೀಟರ್ ಇಟ್ಟೆವು. ರೇಸ್ ಕಾರ್ಟಿನಲ್ಲಿ ಇದು 101ರಿಂದ 107.

ಚೇತಕ್ ರಿಮ್ ತಂದವರಿಗೆ ಒಂದು ಮಾತು. ಅದು ಎರಡು ಹೋಳು, ನಡುವೆ ನಟ್ಟು. ಗಾಳಿ ಪೂರ್ತಿ ಬಿಡದೆ ಆ ನಟ್ಟಿಗೆ ಸ್ಪ್ಯಾನರ್ ತಾಗಿಸಬೇಡಿ, ರಿಮ್ಮಿನ ಹೋಳು ಮುಖಕ್ಕೆ ಹಾರುತ್ತದೆ.

ಸ್ಟೀರಿಂಗಿನ ಪ್ರತಿ ಬೋಲ್ಟಿಗೂ, ಅಲುಗಾಟಕ್ಕೆ ಕಳಚದ ಹಾಗೆ, ನೈಲಾಕ್ ನಟ್ ಅಥವಾ ಸ್ಪ್ಲಿಟ್ ಪಿನ್. ಮುಂದಿನ ಚಕ್ರಗಳನ್ನು ತಿರುಗಿಸುವ, ಚಕ್ರದ ಹತ್ತಿರದ ತೋಳುಗಳನ್ನು, ಅವುಗಳ ಗೆರೆ ಹಿಂದಕ್ಕೆ ಎಳೆದರೆ ಹಿಂದಿನ ಆಕ್ಸಲಿನ ನಡುವೆ ಕೂಡುವ ಹಾಗೆ ಓರೆಯಾಗಿ ಇಟ್ಟೆವು. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕಲ್ಲ, ಅದಕ್ಕೆ. ನೆಲದ ಮೇಲೆ ದಾರ ಹಿಡಿದು, ಚಾಕ್‌ಪೀಸಿನಲ್ಲಿ ಗೆರೆ ಹಾಕಿಯೇ ಇದೆಲ್ಲ ಮಾಡಬಹುದು.

ಅಕ್ಕ ಸೀಟ್ ಬೆಲ್ಟ್ ಹಾಕಲೇಬೇಕು ಅಂತ ಹಟ ಹಿಡಿದಳು. ತಲೆಯ ಮೇಲೆ ರೋಲ್ ಕೇಜ್ (ಪೈಪಿನ ಗೂಡು) ಇಲ್ಲದ ಕಾರ್ಟಿಗೆ ಬೆಲ್ಟ್ ಹಾಕಬಾರದು. ಮಗುಚಿದರೆ ಕೂತವನು ಅದರ ಅಡಿಗೇ ಕಟ್ಟಿಹಾಕಿದ ಹಾಗೆ. ರೇಸ್ ಕಾರ್ಟುಗಳಲ್ಲೂ ಬೆಲ್ಟ್ ಇರುವುದಿಲ್ಲ. ಇದನ್ನು ಅಕ್ಕನಿಗೆ ಒಪ್ಪಿಸುವುದು ಚಾಸಿ ಕಟ್ಟುವುದಕ್ಕಿಂತ ಕಷ್ಟ ಆಯಿತು.

ಅವಳು ಹೆದರಬೇಕಾದದ್ದು ಬೇರೆಯೇ ಇತ್ತು. 2018ರಲ್ಲಿ ಹರಿಯಾಣದಲ್ಲಿ, 2020ರಲ್ಲಿ ಹೈದರಾಬಾದಿನಲ್ಲಿ ದುಡ್ಡು ಕೊಟ್ಟು ಗೋ-ಕಾರ್ಟ್ ಹತ್ತಿದ ಹೆಣ್ಣುಮಕ್ಕಳು ಕೂದಲು ಕಾರ್ಟಿಗೆ ಸಿಕ್ಕಿಕೊಂಡು ತೀರಿಕೊಂಡರು. ಸೀಟಿನ ಹಿಂದೆಯೇ ತಿರುಗುವ ಆಕ್ಸಲ್, ಚೈನು ಇರುತ್ತದೆ. ಜಡೆ, ದುಪಟ್ಟಾ, ಲುಂಗಿಯ ತುದಿ ಯಾವುದು ಸಿಕ್ಕಿದರೂ ಕೈ ಹಾಕಿ ಬಿಡಿಸುವಷ್ಟು ಸಮಯ ಇರುವುದಿಲ್ಲ. ನಾವು ಚೈನು, ಆಕ್ಸಲ್ ಎರಡಕ್ಕೂ ಪೂರ್ತಿ ತಗಡಿನ ಮುಚ್ಚಳ ಹಾಕಿ, ಸೀಟಿಗೂ ಎಂಜಿನ್ನಿಗೂ ನಡುವೆ ಒಂದು ಶೀಟು ನಿಲ್ಲಿಸಿದ್ದೇವೆ. ಎಂಜಿನ್ನಿಗೆ ಗಾಳಿ ಬೇಕು, ಅದಕ್ಕೆ ಪಕ್ಕದಿಂದ ದಾರಿ. ಶೀಟು, ತಗಡು ನನ್ನ ಅಂಗಡಿಯ ತುಂಡುಗಳೇ, ಖರ್ಚು ಸೊನ್ನೆ. ಉದ್ದ ಕೂದಲಿದ್ದವರು ಗಂಟು ಹಾಕಿ ಹೆಲ್ಮೆಟ್ಟಿನೊಳಗೆ ಸೇರಿಸಬೇಕು, ಇಲ್ಲದಿದ್ದರೆ ಸೀಟಿಲ್ಲ. ಆಕ್ಸಿಲರೇಟರಿಗೆ ಎರಡು ಸ್ಪ್ರಿಂಗು, ಒಂದು ತುಂಡಾದರೆ ಇನ್ನೊಂದು. ಎಂಜಿನ್ ಬಂದ್ ಮಾಡುವ ಕೆಂಪು ಸ್ವಿಚ್ ಸ್ಟೀರಿಂಗಿನ ಪಕ್ಕದಲ್ಲಿ ಒಂದು, ಹೊರಗೆ ನಿಂತವರ ಕೈಗೆ ಸಿಗುವ ಹಾಗೆ ಹಿಂದೆ ಒಂದು.

ನಮ್ಮ ಶೆಡ್ಡಿನಿಂದ ಎನ್‌ಎಚ್ 66 ಕಣ್ಣಿಗೆ ಕಾಣುತ್ತದೆ. "ಒಂದೇ ಒಂದು ರೌಂಡ್" ಅಂತ ಅಳಿಯನ ಗೆಳೆಯರು ಶುರು ಮಾಡಿದರು. ನೋಂದಣಿ ಇಲ್ಲದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಅದೂ ಅಲ್ಲದೆ, ಕಾರ್ಟಿನಲ್ಲಿ ಕೂತವನ ತಲೆ ಲಾರಿಯ ಟೈರಿನಷ್ಟೂ ಎತ್ತರ ಬರುವುದಿಲ್ಲ, ಲಾರಿಯವನಿಗೆ ಹೇಗೆ ಕಾಣಬೇಕು? ಮಲ್ಪೆ ಬೀಚೂ ಬೇಡ ಅಂದೆ. ಜನ ಇರುತ್ತಾರೆ, ಮತ್ತೆ ಉಪ್ಪು. ಕೊನೆಗೆ ಸಿಕ್ಕಿದ್ದು ಮುಚ್ಚಿದ ಅಕ್ಕಿ ಮಿಲ್ಲಿನ ಅಂಗಳ. ಬೇಯಿಸಿದ ಭತ್ತ ಒಣಗಿಸಲು ಹಾಕಿದ ಸಿಮೆಂಟ್ ನೆಲ, ಸಮತಟ್ಟು. ಧಣಿಗಳನ್ನು ಕೇಳಿ, ಅಂಚಿಗೆ ಹಳೇ ಟೈರು ಜೋಡಿಸಿ, ಗೂಡ್ಸ್ ಟೆಂಪೋದಲ್ಲಿ ಕಾರ್ಟ್ ಒಯ್ಯುತ್ತೇವೆ. ತಿರುವಿನಲ್ಲಿ ಹಿಂದಿನ ಒಳಚಕ್ರ ಚೂರು ಎದ್ದು ಕೂರುವುದನ್ನು ನೋಡುವುದೇ ಚಂದ. ಡಿಫರೆನ್ಷಿಯಲ್ ಇಲ್ಲದ ಗಾಡಿ ಹಾಗೆ ಎದ್ದರೇ ತಿರುಗುವುದು.

ಒಟ್ಟು 23,700 ಆಯಿತು. ಉಳಿದದ್ದರಲ್ಲಿ ರೆಡ್ ಆಕ್ಸೈಡ್ ಹೊಡೆದೆವು, ಅದೇ ಬಣ್ಣ. ಮಳೆಗಾಲದಲ್ಲಿ ಮಿಲ್ಲಿನ ಅಂಗಳ ಪಾಚಿ ಕಟ್ಟಿ ಜಾರುತ್ತದೆ, ಅಷ್ಟು ಸಮಯ ಓಡಿಸುವುದಿಲ್ಲ. ಪೆಟ್ರೋಲ್ ಖಾಲಿ ಮಾಡಿ, ಆಕ್ಸಲಿಗೆ ಗ್ರೀಸ್ ಸವರಿ ಶೆಡ್ಡಿನ ಮೂಲೆಗೆ ಇಟ್ಟಾಗಿದೆ. ಅಳಿಯ ಮಾತ್ರ ಸುಮ್ಮನಿಲ್ಲ. ಪಲ್ಸರ್ ಎಂಜಿನ್ ಹಾಕುವ ಅನ್ನುತ್ತಾನೆ. ಹಾಗಾದರೆ ಮುಂದಿನ ಚಕ್ರಗಳಿಗೂ ಬ್ರೇಕ್ ಬೇಕು, ಅದರ ಲೆಕ್ಕ ಬರೆದು ತಾ ಮಾರಾಯ ಅಂದಿದ್ದೇನೆ. ಈಗ ಡಿಸ್ಕ್ ಹುಡುಕಿಕೊಂಡು ಮಂಗಳೂರಿನ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದಾನೆ.